ಕಂಬದೊಳಗಿನ ಕೇಬಲ್: ಸಿಂಧನೂರಿನ ಒಂದು ಅಂಗಳದಲ್ಲಿ ಕಲಿತ ಪಾಠ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ನಾವೂ ಮೂವರು, ಊರಿಗೊಬ್ಬರಂತೆ. ಕಾಲೇಜಿಗೆ ಬಂದ ಮೊದಲ ವರ್ಷ ಒಂದೇ ಬಸ್ಸಿನಲ್ಲಿ ಊರಿಗೆ ಹೋಗುತ್ತಾ ಗೆಳೆಯರಾದೆವು, ಕೊನೆಯ ವರ್ಷ ಒಂದೇ ಪ್ರಾಜೆಕ್ಟ್‌ಗೆ ಸೇರಿದೆವು. ಈ ಲೇಖನ ಆ ಪ್ರಾಜೆಕ್ಟ್ ಬಗ್ಗೆ ಅಲ್ಲ. ಅದರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಭಾಗದ ಬಗ್ಗೆ: ರೇಡಿಯೋದಿಂದ ಆಂಟೆನಾವರೆಗೆ, ಕಬ್ಬಿಣದ ಕಂಬದೊಳಗೆ ಹೋಗುವ ಹದಿನಾಲ್ಕು ಮೀಟರ್ ಕೇಬಲ್. ವರದಿಯಲ್ಲಿ ನಾವು ಅದಕ್ಕೆ ಒಂದು ಗೆರೆ ಎಳೆದು ಬಿಟ್ಟಿದ್ದೆವು. ಆ ಗೆರೆಯೇ ನಮಗೆ ನಾಲ್ಕು ಸೆಮಿಸ್ಟರ್‌ನ ಪಾಠ ಕಲಿಸಿತು.

ಮೊದಲು ಸಂದರ್ಭ ಹೇಳ್ತೀವಿ. ಸಿಂಧನೂರಿನ ಗೆಳೆಯನ ಮನೆಯವರದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆಯುವ ಭತ್ತದ ಹೊಲ. ಮನೆಯಿಂದ ಹೊಲಕ್ಕೆ ಆರು ಕಿಲೋಮೀಟರ್, ಅದೂ ಉಪಕಾಲುವೆಯ ಕೊನೆ ಭಾಗದಲ್ಲಿ. ಕೊನೆ ಭಾಗದ ರೈತರ ಕಷ್ಟ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಾಳಿ ಇರುತ್ತೆ, ಆದರೆ ನೀರು ಯಾವಾಗ ಮುಟ್ಟುತ್ತೆ ಅನ್ನೋದು ಮೇಲಿನವರು ಎಷ್ಟು ಬಿಡ್ತಾರೆ ಅನ್ನೋದರ ಮೇಲೆ ಇರುತ್ತೆ. ಹೀಗಾಗಿ ಗೆಳೆಯನ ಅಪ್ಪ (ನಮಗೆಲ್ಲ ಕಾಕಾ) ರಾತ್ರಿ ಹನ್ನೆರಡಕ್ಕೋ ಎರಡಕ್ಕೋ ಎದ್ದು, ಬೈಕ್ ಹತ್ತಿ, ಬ್ಯಾಟರಿ ಹಿಡಿದು ಹೊಲಗಾಲುವೆ ನೋಡಿ ಬರೋರು. ನೀರು ಬಂದಿಲ್ಲ ಅಂದ್ರೆ ವಾಪಸ್. ಮತ್ತೆ ನಾಲ್ಕಕ್ಕೆ ಇನ್ನೊಂದು ಸಲ. ಕತ್ತಲು, ಕೆಸರು, ಹಾವು. ಎರಡು ವರ್ಷದ ಹಿಂದೆ ಒಮ್ಮೆ ಬದುವಿನ ಮೇಲೆ ಜಾರಿ ಕೈ ಮುರಿದುಕೊಂಡಿದ್ದರು.

ನಮ್ಮ ಉಪಾಯ ಸರಳ. ಹೊಲಗಾಲುವೆಗೆ ನೀರಿನ ಮಟ್ಟ ನೋಡುವ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಅದಕ್ಕೊಂದು ಪುಟ್ಟ ಸೋಲಾರ್ ಪ್ಯಾನಲ್, ಒಂದು ಲೋರಾ ರೇಡಿಯೋ. ಮನೆಯ ಅಂಗಳದಲ್ಲಿ ಮೂವತ್ತು ಅಡಿ ಜಿಐ ಪೈಪಿನ ಕಂಬ, ತುದಿಯಲ್ಲಿ ಆಂಟೆನಾ. ನೀರು ಬಂದರೆ ಮನೆಯಲ್ಲಿ ಬಜರ್ ಹೊಡೆಯುತ್ತೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಿಂದಲೇ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ರೇಡಿಯೋದ ಶಕ್ತಿ ಒಂದು ವ್ಯಾಟ್ ದಾಟಬಾರದು, ಅಷ್ಟೇ. ನಮ್ಮದು ಅದರ ಹತ್ತನೇ ಒಂದು ಭಾಗ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲಾ ಚೆನ್ನಾಗಿ ನಡೆಯಿತು. ಅಕ್ಟೋಬರಿನಲ್ಲಿ, ಭತ್ತ ತೆನೆ ಬಿಡುವ ಹೊತ್ತಿಗೆ, ಸಂದೇಶಗಳು ಒಂದೊಂದೇ ತಪ್ಪತೊಡಗಿದವು. ಒಂದು ರಾತ್ರಿ ಮಳೆ ಆದ ಮೇಲೆ ಪೂರ್ತಿ ನಿಂತವು. ಕಾಕಾ ಏನೂ ಅನ್ನಲಿಲ್ಲ. ಮತ್ತೆ ಬೈಕ್ ಹತ್ತಿದರು. ಗೆಳೆಯ ಹಾಸ್ಟೆಲಿನಲ್ಲಿ ಆ ಸುದ್ದಿ ಹೇಳಿದ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಇದು ಇನ್ನು ಬರೀ ಮಾರ್ಕ್ಸಿನ ಮಾತಲ್ಲ ಅಂತ ಆಗ ಅರ್ಥ ಆಯ್ತು.

ಎತ್ತರ ಯಾಕೆ ಬೇಕು?

ಬೇರೆ ಬ್ರಾಂಚಿನ ಗೆಳೆಯರಿಗಾಗಿ ಒಂದು ಚಿಕ್ಕ ಲೆಕ್ಕ. ಈ ಆವರ್ತನದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಭೂಮಿ ಮಾತ್ರ ಗುಂಡಗಿದೆ. ಆಂಟೆನಾ ಎಷ್ಟು ಎತ್ತರದಲ್ಲಿದೆಯೋ ಅದರ ಮೇಲೆ ಅದರ ‘ದಿಗಂತ’ ನಿಂತಿದೆ. ಸೂತ್ರ ಹೀಗಿದೆ:

ದೂರ (ಕಿ.ಮೀ.) = 4.12 × √ಎತ್ತರ (ಮೀಟರ್)

ಕಂಬದ ಎತ್ತರ 9 ಮೀಟರ್ ಅಂದ್ರೆ ದಿಗಂತ 12.4 ಕಿ.ಮೀ. ಹೊಲದಲ್ಲಿರುವ ಆಂಟೆನಾ ಒಂದು ಮೀಟರ್ ಎತ್ತರದಲ್ಲಿದ್ದರೂ ಅದರದ್ದೊಂದು 4.1 ಕಿ.ಮೀ. ಎರಡನ್ನೂ ಕೂಡಿಸಿದರೆ 16.5. ನಮಗೆ ಬೇಕಿದ್ದದ್ದು ಆರು. ಸಾಕಷ್ಟಾಯಿತು.

ಇದೇ ಲೆಕ್ಕವನ್ನು ಹಾಯಿದೋಣಿಯವರೂ ಮಾಡುತ್ತಾರೆ. ಹಾಯಿ ಕಟ್ಟುವ ಕಂಬ (ಅವರು ಮಾಸ್ಟ್ ಅನ್ನುತ್ತಾರೆ) ಈಗ ಹೆಚ್ಚಾಗಿ ಟೊಳ್ಳು ಅಲ್ಯೂಮಿನಿಯಂ ಪೈಪು. ಅದರ ತುದಿಯಲ್ಲಿ ವಿಎಚ್‌ಎಫ್ ರೇಡಿಯೋದ ಆಂಟೆನಾ, ಒಳಗೆ ಕೇಬಲ್. ಕಂಬ 15 ಮೀಟರ್ ಇದ್ದರೆ ದಿಗಂತ 16 ಕಿ.ಮೀ., ಅಂಥ ಎರಡು ದೋಣಿ ಮಾತಾಡಿಕೊಳ್ಳಲು 32 ಕಿ.ಮೀ. ಅದೇ ಕೈಯಲ್ಲಿ ಹಿಡಿದ ವಾಕಿಟಾಕಿ ಆದರೆ ನಾಲ್ಕೈದು ಕಿ.ಮೀ.ಗೆ ಮುಗೀತು. 2018ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಸಾಗುತ್ತಿದ್ದಾಗ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ‘ತುರೀಯಾ’ ದೋಣಿಯ ಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ಮೂರನೇ ದಿನ ಫ್ರಾನ್ಸಿನ ಒಂದು ಹಡಗು ಅವರನ್ನು ಕಾಪಾಡಿತು. ಆ ನಡುವಿನ ದಿನಗಳಲ್ಲಿ ಆಸರೆಯಾದದ್ದು ಉಪಗ್ರಹದ ಮೂಲಕ ಹೋಗುತ್ತಿದ್ದ ಪುಟ್ಟ ಸಂದೇಶಗಳು. ಕಂಬ ಬಿದ್ದರೆ ತುದಿಯ ಆಂಟೆನಾವೂ ಅದರ ಜೊತೆ ಬೀಳುತ್ತೆ. ಅದಕ್ಕೇ ದೂರ ಹೋಗುವ ದೋಣಿಗಳಲ್ಲಿ ಒಂದು ತುರ್ತು ಆಂಟೆನಾ ಬೇರೆಯೇ ಇಟ್ಟಿರುತ್ತಾರೆ.

ಸಮುದ್ರ ನಮ್ಮಿಂದ ದೂರ. ಆದರೆ ಟೊಳ್ಳು ಕಂಬ, ಒಳಗೆ ಕೇಬಲ್, ಮೇಲೆ ಗಾಳಿ, ಕೆಳಗೆ ನೀರು – ಸಮಸ್ಯೆ ಒಂದೇ. ದೋಣಿಯವರು ಕಂಡುಕೊಂಡ ಹಲವು ಉಪಾಯ ನಮಗೂ ಕೆಲಸಕ್ಕೆ ಬಂದವು.

ಇನ್ನೊಂದು ಮಾತು. ರಾಯಚೂರು ಜಿಲ್ಲೆಗೆ ಆಂಟೆನಾ ಹೊಸದೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ ಆಂಟೆನಾಗಳು ನೇರ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಚಿತ್ರ ಹಿಡಿಯುತ್ತಿದ್ದವು, 860 ಮೆಗಾಹರ್ಟ್ಸ್‌ನಲ್ಲಿ. ನಮ್ಮ 865ಕ್ಕೂ ಅದಕ್ಕೂ ಐದೇ ಮೆಗಾಹರ್ಟ್ಸ್ ಅಂತರ! ನಮ್ಮ ಅಜ್ಜಂದಿರ ಕಾಲದಲ್ಲೇ ಈ ಅಲೆ ನಮ್ಮ ಜಿಲ್ಲೆಯ ಹಳ್ಳಿಗಳ ಮೇಲೆ ಇಳಿದಿತ್ತು.

ಮೀಟರ್ ಹೇಳಿದ ಸುಳ್ಳು

ದಸರಾ ರಜೆಗೆ ಸಿಂಧನೂರಿಗೆ ಹೋದ ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಾಲೇಜಿನ ನ್ಯಾನೋ ವಿಎನ್‌ಎ ತಗೊಂಡು ಹೋಗಿ ಕೇಬಲಿನ ಕೆಳತುದಿಗೆ ಹಚ್ಚಿ ಎಸ್‌ಡಬ್ಲ್ಯುಆರ್ ನೋಡಿದೆವು. 1.2 ತೋರಿಸಿತು.

ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಅಲೆಯಲ್ಲಿ ಎಷ್ಟು ವಾಪಸ್ ಬರುತ್ತೆ ಅನ್ನೋದರ ಅಳತೆ. 1 ಅಂದ್ರೆ ಏನೂ ವಾಪಸ್ ಬರಲಿಲ್ಲ, ಎಲ್ಲಾ ಆಂಟೆನಾಗೆ ಹೋಯ್ತು. 1.2 ಅಂದ್ರೆ ಬಹಳ ಚೆಂದ. “ಆಂಟೆನಾ, ಕೇಬಲ್ ಎರಡೂ ಸರಿ ಇವೆ, ತಪ್ಪು ರೇಡಿಯೋದಲ್ಲೇ” ಅಂತ ತೀರ್ಮಾನ ಮಾಡಿ ಎರಡು ದಿನ ಪ್ರೋಗ್ರಾಮ್ ತಿದ್ದುತ್ತಾ ಕೂತೆವು. ಸೆನ್ಸರ್ ಬದಲಿಸಿದೆವು. ರೇಡಿಯೋ ಬದಲಿಸಿದೆವು. ಏನೂ ಆಗಲಿಲ್ಲ.

ಕಾಕಾ ಬಂದು ನಿಂತು ಕೇಳಿದರು: “ಏನಂತೈತ್ರಪಾ ನಿಮ್ಮ ಮೀಟರು?”

“ಮ್ಯಾಲಿಂದೆಲ್ಲಾ ಚಲೋ ಐತಿ ಅಂತೈತಿ ಕಾಕಾ.”

“ಮ್ಯಾಲೆ ಹೋಗಿ ನೋಡ್ಯಾರೇನು ಯಾರರ?”

ಯಾರೂ ನೋಡಿರಲಿಲ್ಲ. ಮೂರನೇ ದಿನ ಕಂಬ ಇಳಿಸಿ, ತುದಿಯ ಆಂಟೆನಾವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕೆಳಗಿನ ಮೀಟರ್ ಮತ್ತೆ ನೋಡಿದೆವು. ಆಗಲೂ 1.2! ಆಂಟೆನಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಇಲ್ಲಿದೆ ನೋಡಿ ಈ ಲೇಖನದ ಮುಖ್ಯ ಪಾಠ. ತುದಿ ಬಿಚ್ಚಿಟ್ಟ ಕೇಬಲಿನಲ್ಲಿ ಹೋದ ಅಲೆ ಪೂರ್ತಿ ವಾಪಸ್ ಬರಬೇಕು. ಆದರೆ ಅದು ಹೋಗುವಾಗಲೂ ಕೇಬಲಿನಲ್ಲಿ ಸವೆಯುತ್ತೆ, ಬರುವಾಗಲೂ ಸವೆಯುತ್ತೆ. ಕೇಬಲ್ ಕೆಟ್ಟದ್ದಾದಷ್ಟೂ ವಾಪಸ್ ಬರುವುದು ಕಡಿಮೆ. ಕಡಿಮೆ ಬಂತು ಅಂದ್ರೆ ಮೀಟರ್ ‘ಚಲೋ ಐತಿ’ ಅನ್ನುತ್ತೆ. ನಷ್ಟವನ್ನೇ ಅದು ಗುಣ ಅಂತ ತಿಳಿಯುತ್ತೆ.

ಲೆಕ್ಕದಲ್ಲಿ ಹೇಳುವುದಾದರೆ, ನಾವು ಹಾಕಿದ್ದು ಆರ್‌ಜಿ-58, ಸುಲಭವಾಗಿ ಸಿಗುವ ತೆಳು ಕೇಬಲ್. ಈ ಆವರ್ತನದಲ್ಲಿ ಮೀಟರಿಗೆ ಸುಮಾರು ಅರ್ಧ ಡಿಬಿ ನಷ್ಟ. ಕಂಬದಲ್ಲಿ 9 ಮೀಟರ್, ಅಲ್ಲಿಂದ ಕೋಣೆಗೆ 5, ಒಟ್ಟು 14 ಮೀಟರ್. ನಷ್ಟ 7 ಡಿಬಿ. ಹೋಗಿ ಬಂದರೆ 14 ಡಿಬಿ. ಅಂದ್ರೆ ಹೊಸ ಕೇಬಲ್ ಇದ್ದಾಗಲೇ, ತುದಿಯಲ್ಲಿ ಆಂಟೆನಾ ಇಲ್ಲದಿದ್ದರೂ ಮೀಟರ್ 1.5 ತೋರಿಸುತ್ತಿತ್ತು! ಈಗ ನಮಗೆ ಸಿಕ್ಕಿದ್ದು ಹೋಗಿ ಬರಲು 22 ಡಿಬಿ, ಒಂದು ಕಡೆಗೆ 11. ಏಳು ಇದ್ದದ್ದು ಹನ್ನೊಂದಾಗಿದೆ. ಒಳಗೆ ನೀರು ಸೇರಿದೆ.

ಡಿಬಿ ಗೊತ್ತಿಲ್ಲದವರಿಗೆ: 3 ಡಿಬಿ ಹೋದರೆ ಅರ್ಧ ಉಳಿಯಿತು, 10 ಡಿಬಿ ಹೋದರೆ ಹತ್ತರಲ್ಲೊಂದು ಉಳಿಯಿತು. 7 ಡಿಬಿಗೆ ನೂರಕ್ಕೆ 20 ಉಳಿಯುತ್ತೆ. 11 ಡಿಬಿಗೆ ನೂರಕ್ಕೆ 8. ಹೊಲದಿಂದ ಬಂದ ಸಣ್ಣ ಅಲೆ, ಕಂಬದ ತುದಿವರೆಗೆ ಆರು ಕಿಲೋಮೀಟರ್ ಕ್ಷೇಮವಾಗಿ ಬಂದು, ಕೊನೆಯ ಹದಿನಾಲ್ಕು ಮೀಟರಿನಲ್ಲಿ ಸಾಯುತ್ತಿತ್ತು. ಕೊನೆ ಭಾಗದ ರೈತರಿಗೆ ನೀರು ಮುಟ್ಟದ ಹಾಗೆಯೇ.

ಆದ್ದರಿಂದ ನೆನಪಿಡಿ: ಕೇಬಲ್ ಪರೀಕ್ಷೆ ಮಾಡುವಾಗ ಆಂಟೆನಾ ಬಿಚ್ಚಿ, ತುದಿ ಖಾಲಿ ಬಿಟ್ಟು, ವಾಪಸ್ ನಷ್ಟ ಅಳೆದು ಅರ್ಧ ಮಾಡಿ. ಅದೇ ನಿಮ್ಮ ಕೇಬಲಿನ ನಿಜವಾದ ನಷ್ಟ.

ನೀರು ಎಲ್ಲಿಂದ ಬಂತು?

ಕಂಬ ಮೂರು ತುಂಡಿನದು. ಕೆಳಗೆ ಎರಡು ಇಂಚಿನ ಪೈಪು, ಅದರೊಳಗೆ ಒಂದೂವರೆ ಇಂಚಿನದು, ಅದರೊಳಗೆ ಒಂದಿಂಚಿನದು. ಪ್ರತಿ ಕೂಡುವಲ್ಲಿ ಎರಡು ಅಡಿ ಒಂದರೊಳಗೊಂದು ಇಳಿದಿದೆ, ಆರಪಾರ ಒಂದು ಬೋಲ್ಟ್. ಜೂನ್‌ನಲ್ಲಿ ಗಾಳಿಗೆ ಮೇಲಿನ ಪೈಪು ತಿರುಗುತ್ತಿತ್ತು ಅಂತ ನಾವೇ ಹೊಸ ಬೋಲ್ಟ್ ಹಾಕಿದ್ದೆವು. ಒಳಗೆ ಕೇಬಲ್ ಇದೆ ಅಂತ ಗೊತ್ತಿದ್ದೂ, ಬೋಲ್ಟ್ ಹೋಗಲಿಲ್ಲ ಅಂತ ಸುತ್ತಿಗೆಯಲ್ಲಿ ಎರಡೇಟು ಹಾಕಿದ್ದೆವು. ಬೋಲ್ಟಿನ ಮರೆ ಕೇಬಲಿನ ಮೇಲುಹೊದಿಕೆಯನ್ನು ಕೆರೆದು ಹಾಕಿತ್ತು. ಪೈಪಿನೊಳಗೆ ಇಳಿದ ಮಳೆನೀರನ್ನು ಒಳಗಿನ ತಾಮ್ರದ ಹೆಣಿಗೆ ದೀಪದ ಬತ್ತಿ ಎಣ್ಣೆ ಹೀರಿದಂತೆ ಹೀರಿಕೊಂಡಿತು. ಮೂರು ತಿಂಗಳಲ್ಲಿ ತಾಮ್ರ ಕಪ್ಪಾಯಿತು.

ತಪ್ಪು ಯಾರದು ಅಂತ ಹುಡುಕಬೇಕಿರಲಿಲ್ಲ. ನಮ್ಮದೇ. ನಿಯಮ ಒಂದು: ಬೋಲ್ಟುಗಳೆಲ್ಲ ಮೊದಲು, ಕೇಬಲ್ ಆಮೇಲೆ. ಕೇಬಲ್ ಒಳಗಿರುವಾಗ ಕಂಬಕ್ಕೆ ಡ್ರಿಲ್ಲು, ಸುತ್ತಿಗೆ ಮುಟ್ಟಿಸಬೇಡಿ. ಹಾಯಿದೋಣಿಗಳಲ್ಲಿಯೂ ಕಂಬದೊಳಗಿನ ಕೇಬಲನ್ನು ಹೆಚ್ಚಾಗಿ ಹಾಳುಮಾಡುವುದು ಇವೇ: ಆರಪಾರ ಬೋಲ್ಟು, ರಿವೆಟಿನ ಚೂಪು ತುದಿ, ಅಂಚು ಉಜ್ಜದ ರಂಧ್ರ.

ಯಾವ ಕೇಬಲ್?

ಪುಸ್ತಕ ನೋಡಿ ಉತ್ತರ ಹೇಳುವುದಾದರೆ ಎಲ್‌ಎಂಆರ್-400. ಹದಿನಾಲ್ಕು ಮೀಟರಿಗೆ 1.8 ಡಿಬಿ ಮಾತ್ರ, ನೂರಕ್ಕೆ 66 ಉಳಿಯುತ್ತೆ. ಕೊಂಡೇಬಿಡೋಣ ಅಂತ ಹೊರಟಿದ್ದೆವು. ಆಗ ಲಿಂಗಸುಗೂರಿನ ಗೆಳೆಯ, ಮೆಕ್ಯಾನಿಕಲ್‌ನವನು, ಕ್ಯಾಲಿಪರ್ ತೆಗೆದ. ಒಂದಿಂಚಿನ ಪೈಪಿನ ಒಳಗಲ 27 ಮಿ.ಮೀ. ನಡುವೆ 8 ಮಿ.ಮೀ. ಬೋಲ್ಟ್. ಉಳಿದದ್ದು 19. ಅದು ಎರಡು ಕಡೆ ಹಂಚಿಕೊಂಡರೆ ಬೋಲ್ಟಿಗೂ ಗೋಡೆಗೂ ನಡುವೆ 9.5 ಮಿ.ಮೀ. ಎಲ್‌ಎಂಆರ್-400 ದಪ್ಪ 10.3. ಹೋಗಲ್ಲ! “ಎಲೆಕ್ಟ್ರಾನಿಕ್ಸ್‌ನವರು ಡಿಬಿ ಲೆಕ್ಕ ಹಾಕ್ತೀರಿ, ಪೈಪಿನೊಳಗ ತೂರ್ತದೇನ ಅಂತ ನೋಡಂಗಿಲ್ಲ” ಅಂತ ಅವನು ಇವತ್ತಿಗೂ ಚುಚ್ಚುತ್ತಾನೆ.

ನಮಗೆ ಮೂರು ದಾರಿ ಇದ್ದವು. ಒಂದು, ಬೋಲ್ಟ್ ತೆಗೆದು ಹೊರಗಿನಿಂದ ಕ್ಲಾಂಪ್ ಹಾಕುವುದು. ಎರಡು, ರೇಡಿಯೋವನ್ನೇ ಡಬ್ಬಿಯಲ್ಲಿಟ್ಟು ಕಂಬದ ತುದಿಗೆ ಏರಿಸಿ, ಕೆಳಗಿನಿಂದ ಬರೀ ಕರೆಂಟು ಮತ್ತು ಡೇಟಾ ಕಳಿಸುವುದು. ನಿಮ್ಮ ಮನೆಯ ಡಿಶ್ ಟಿವಿ ಮಾಡುವುದು ಇದೇ ಜಾಣತನ: ಬುಟ್ಟಿಯ ಮೂತಿಯಲ್ಲಿರುವ ಎಲ್‌ಎನ್‌ಬಿ ಅಲ್ಲೇ ಆವರ್ತನವನ್ನು ಇಳಿಸಿ ಕೇಬಲಿಗೆ ಬಿಡುತ್ತೆ, ಹಾಗಾಗಿ ಅಗ್ಗದ ಕೇಬಲೂ ನಡೆಯುತ್ತೆ. ಆದರೆ ನಮ್ಮ ಡಬ್ಬಿ ಕೆಟ್ಟಾಗೆಲ್ಲ ಕಂಬ ಇಳಿಸುವವರು ಯಾರು? ನಾವು ಹಾಸ್ಟೆಲಿನಲ್ಲಿರುತ್ತೇವೆ, ಅಲ್ಲಿರುವವರು ಕಾಕಾ. ಮೂರನೇ ದಾರಿ ಎಲ್‌ಎಂಆರ್-240. ದಪ್ಪ 6.1 ಮಿ.ಮೀ., ನಷ್ಟ 3.5 ಡಿಬಿ, ನೂರಕ್ಕೆ 45 ಉಳಿಯುತ್ತೆ. ದಪ್ಪ ಕೇಬಲಿಗಿಂತ 1.7 ಡಿಬಿ ಕಡಿಮೆ, ಆದರೆ ಹಳೆಯ ಆರ್‌ಜಿ-58 ಹೊಸದಿದ್ದಾಗ ಕೊಟ್ಟದ್ದರ ಎರಡು ಪಟ್ಟಿಗಿಂತ ಹೆಚ್ಚು. ಇದನ್ನೇ ಆರಿಸಿಕೊಂಡೆವು.

ಬೋಲ್ಟಿಗೂ ಉಪಾಯ ಮಾಡಿದೆವು. ರಂಧ್ರ 8 ಮಿ.ಮೀ. ಇದ್ದೇ ಇದೆ. ಅದರಲ್ಲಿ 8 ಮಿ.ಮೀ. ಹೊರಗಲದ, 6 ಮಿ.ಮೀ. ಒಳಗಲದ ಪ್ಲಾಸ್ಟಿಕ್ ಗಾಳಿ ಪೈಪಿನ ತುಂಡು ತೂರಿಸಿ, ಅದರೊಳಗೆ 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದೆವು. ಗಾಳಿಯ ಬಲವನ್ನು ತಡೆಯುವುದು ಒಂದರೊಳಗೊಂದು ಇಳಿದ ಎರಡಡಿ ಪೈಪು. ಬೋಲ್ಟ್ ಮಾಡಬೇಕಾದ್ದು ಜಾರದಂತೆ, ತಿರುಗದಂತೆ ಹಿಡಿಯುವುದಷ್ಟೇ. ಈಗ ಕೇಬಲಿಗೆ ತಾಗುವುದು ಮರೆ ಅಲ್ಲ, ನಯವಾದ ಪ್ಲಾಸ್ಟಿಕ್.

ಎಳೆಯುವ ಕೆಲಸ

ಹೊಸ ಕೇಬಲ್ ಎಳೆಯಲು ಎಲ್ಲಕ್ಕಿಂತ ಒಳ್ಳೆಯ ದಾರ ಅಂದರೆ ಹಳೆಯ ಕೇಬಲ್ಲೇ. ಹಳೆಯದರ ತುದಿಗೆ ಗಟ್ಟಿ ನೈಲಾನ್ ದಾರ ಕಟ್ಟಿ ಆ ಕಡೆಯಿಂದ ಎಳೆದರೆ ದಾರ ಒಳಗೆ ಕೂರುತ್ತೆ, ಆಮೇಲೆ ಆ ದಾರದಿಂದ ಹೊಸದನ್ನು ಎಳೆಯಬಹುದು. ನಮಗೂ ಗೊತ್ತಿತ್ತು. ಆದರೆ ಬೋಲ್ಟ್ ಸಡಿಲಿಸುವ ಮೊದಲೇ ಅವಸರ ಮಾಡಿ ಎಳೆದೆವು. ಕೆರೆದ ಜಾಗದಲ್ಲಿ ಕೇಬಲ್ ತುಂಡಾಯ್ತು. ಅರ್ಧ ಈ ಕಡೆ ಬಂತು, ಅರ್ಧ ಆ ಕಡೆ. ಕಂಬ ಖಾಲಿ, ದಾರ ಇಲ್ಲ.

ಅಂಗಳದಲ್ಲಿ ಮಲಗಿದ ಮೂವತ್ತು ಅಡಿ ಪೈಪಿನ ಮುಂದೆ ನಾವು ತಲೆ ಮೇಲೆ ಕೈ ಹೊತ್ತು ಕೂತೆವು. ದಾರಕ್ಕೆ ನಟ್ ಕಟ್ಟಿ ಕಂಬ ಓರೆ ಮಾಡಿ ಜಾರಿಸಿದೆವು, ಬೋಲ್ಟಿಗೆ ಸಿಕ್ಕಿಕೊಂಡಿತು. ಕಟ್ಟುವ ತಂತಿ ತೂರಿಸಿದೆವು, ಅದು ಒಳಗೆ ಮಡಚಿಕೊಂಡಿತು. ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದ ಅವ್ವ ನಕ್ಕರು: “ಲಂಗಕ್ಕ ಲಾಡಿ ಹಾಕೂದ ನೋಡಿಲ್ಲೇನ್ರೋ? ಪಿನ್ನ ಬೇಕಲ್ಲ ಮುಂದ. ಮೆತ್ತಗಿನ ದಾರ ತಾನಾ ಹೋಗ್ತೈತೇನು?”

ಅಷ್ಟೇ ವಿಷಯ! ದಾರವನ್ನು ತಳ್ಳಲಾಗದು, ಎಳೆಯಬಹುದು. ತಳ್ಳಲು ಬಾಗಿಯೂ ಮಡಚದ ವಸ್ತು ಬೇಕು. ಓಣಿಯ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಗೋಡೆ ಪೈಪಿಗೆ ವೈರ್ ಎಳೆಯುವ ಸ್ಪ್ರಿಂಗ್ ಇತ್ತು. ಅದರ ಮುಂದಿನ ಗುಂಡು ಮೂತಿ ಬೋಲ್ಟಿಗೆ ತಾಗಿದಾಗ ಸ್ವಲ್ಪ ತಿರುವಿದರೆ ಪಕ್ಕಕ್ಕೆ ಜಾರಿ ಮುಂದೆ ಹೋಗುತ್ತೆ. ಐದು ನಿಮಿಷದಲ್ಲಿ ಆ ಕಡೆ ತಲೆ ಹಾಕಿತು. ನಾವು ಅರ್ಧ ದಿನ ಕಳೆದಿದ್ದೆವು.

ಆಮೇಲಿನ ಹೆಜ್ಜೆಗಳನ್ನು ಒಂದೊಂದಾಗಿ ಹೇಳ್ತೀವಿ.

1. ಕನೆಕ್ಟರ್ ಹಾಕದೆ, ಬರೀ ಕೇಬಲ್ ತುದಿಯನ್ನೇ ತೂರಿಸಿ. ಎನ್ ಕನೆಕ್ಟರ್ ಸುಮಾರು 20 ಮಿ.ಮೀ. ದಪ್ಪ, ಬೋಲ್ಟಿನ ಪಕ್ಕ ಹೋಗುವ ಮಾತೇ ಇಲ್ಲ. ಎಳೆದಾದ ಮೇಲೆ ಕ್ರಿಂಪ್ ಮಾಡಿ.

2. ದಾರವನ್ನು ನಡುವಿನ ತಾಮ್ರದ ತಂತಿಗೆ ಕಟ್ಟಬೇಡಿ, ಅದು ಕಿತ್ತು ಬರುತ್ತೆ. ಕೇಬಲಿನ ಹೊದಿಕೆಯ ಮೇಲೆ ಒಂದು ಗೇಣು ಉದ್ದಕ್ಕೆ ಐದಾರು ಸುತ್ತು ಹಾಕಿ ಬಿಗಿದು, ಮೇಲೆ ಟೇಪು ಸುತ್ತಿ. ಮೂತಿ ಮೂಲಂಗಿ ಬಾಲದಂತೆ ಸಣ್ಣಗಾಗುತ್ತಾ ಹೋಗಬೇಕು. ಮೆಟ್ಟಿಲು ಇದ್ದಲ್ಲಿ ಸಿಕ್ಕಿಕೊಳ್ಳುತ್ತೆ.

3. ಒಬ್ಬರು ಎಳೆಯಬೇಕು, ಒಬ್ಬರು ಊಡಬೇಕು. ಇಬ್ಬರೂ ಮಾತಾಡುತ್ತಿರಬೇಕು. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಒಂದು ಮೊಳ ಹಿಂದಕ್ಕೆ ತಂದು, ಸ್ವಲ್ಪ ತಿರುವಿ, ಮತ್ತೆ ಎಳೆಯಿರಿ.

4. ಕೇಬಲ್ ಜೊತೆಗೇ ಇನ್ನೊಂದು ಖಾಲಿ ನೈಲಾನ್ ದಾರವನ್ನೂ ಎಳೆದು ಒಳಗೇ ಬಿಡಿ. ನಾಳೆ ಇನ್ನೊಂದು ಕೇಬಲ್ ಬೇಕಾದಾಗ ಆ ದಾರಕ್ಕೆ ನೀವು ಕೈ ಮುಗಿಯುತ್ತೀರಿ.

5. ಪ್ರತಿ ಒಂದೂವರೆ ಅಡಿಗೆ ಕೇಬಲಿಗೆ ಮೂರು ಕೇಬಲ್ ಟೈ ಹಾಕಿ, ಬಾಲ ಪೂರ್ತಿ ಕತ್ತರಿಸದೆ ಮೂರು ದಿಕ್ಕಿಗೆ ಬಿಡಿ. ಇದು ಹಾಯಿದೋಣಿಯವರಿಂದ ಕಲಿತದ್ದು. ದೋಣಿ ತೂಗಿದಾಗ ಕೇಬಲ್ ಕಂಬಕ್ಕೆ ಬಡಿದು ರಾತ್ರಿಯೆಲ್ಲ ಟಕ್ ಟಕ್ ಅನ್ನದಿರಲಿ ಅಂತ ಅವರು ಹೀಗೆ ಮೀಸೆ ಬಿಡುತ್ತಾರೆ. ನಮ್ಮ ಕಂಬ ಗಾಳಿಗೆ ಅಲುಗಿದಾಗಲೂ ಕೇಬಲ್ ಗೋಡೆಗೆ ಉಜ್ಜದೆ ನಡುವೆ ನಿಲ್ಲುತ್ತೆ.

6. ಕೇಬಲಿನ ಭಾರ ಕನೆಕ್ಟರ್ ಮೇಲೆ ಬೀಳಬಾರದು. 9 ಮೀಟರ್ ಎಲ್‌ಎಂಆರ್-240 ತೂಗುವುದು ಅರ್ಧ ಕಿಲೋಗೂ ಕಡಿಮೆ, ಆದರೆ ವರ್ಷಗಟ್ಟಲೆ ಜೋತಾಡುತ್ತೆ. ಮೇಲಿನ ರಂಧ್ರದಿಂದ ಹೊರಬಂದ ಕೂಡಲೇ ಪೈಪಿಗೆ ಎರಡು ಕಡೆ ಕಟ್ಟಿ, ಕನೆಕ್ಟರಿಗೆ ಮೊದಲು ಸಣ್ಣ ಸಡಿಲ ಬಿಡಿ.

7. ಮೇಲೆ, ಕೆಳಗೆ ಎರಡೂ ರಂಧ್ರದ ಅಂಚನ್ನು ಅರದಿಂದ ಉಜ್ಜಿ ರಬ್ಬರ್ ಬುಷ್ ಹಾಕಿ. ಕಂಬದ ತುದಿಗೆ ಮುಚ್ಚಳ. ಬುಡದಲ್ಲಿ ಮಾತ್ರ ಒಂದು ಸಣ್ಣ ರಂಧ್ರ ಬಿಡಿ. ಎಷ್ಟು ಮುಚ್ಚಿದರೂ ನೀರು ಒಳಗೆ ಬರುತ್ತೆ, ಬಂದ ನೀರಿಗೆ ಹೋಗಲು ದಾರಿ ಬೇಕು.

8. ಕೇಬಲ್ ಕೋಣೆಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟು ಆಮೇಲೆ ಮೇಲೇರಿಸಿ. ಹರಿದು ಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತೆ, ಗೋಡೆಯೊಳಗೆ ಹೋಗುವುದಿಲ್ಲ.

ಕನೆಕ್ಟರಿಗೆ ನೀರು ತಾಗದಂತೆ ಮಾಡುವುದಕ್ಕೆ ಬೇರೆಯೇ ಮಾತು ಹೇಳಬೇಕು. ಎಳೆದರೆ ತನಗೆ ತಾನೇ ಅಂಟಿಕೊಂಡು ಒಂದಾಗುವ ರಬ್ಬರ್ ಟೇಪು ಸಿಗುತ್ತೆ. ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ. ನಾವು ಮೊದಲು ಮೇಲಿನಿಂದ ಕೆಳಕ್ಕೆ ಸುತ್ತುತ್ತಿದ್ದೆವು. ಕಾಕಾ ನೋಡಿ ನಿಲ್ಲಿಸಿದರು: “ಬಣವಿ ಹಂಗ ಒಟ್ತಾರೇನು? ಕೆಳಗಿಂದ ಒಟ್ಕೊಂತ ಹೋಗ್ಬೇಕು. ಮ್ಯಾಲಿನ ಹುಲ್ಲು ಕೆಳಗಿನದ್ರ ಮ್ಯಾಲೆ ಬಿದ್ರ ನೀರು ಜಾರ್ತೈತಿ.” ಸರಿಯಾದ ಮಾತು. ಮೇಲಿನಿಂದ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಮೇಲ್ಮುಖವಾಗಿ ನೀರಿಗೆ ಬಾಯಿ ತೆರೆದಿರುತ್ತೆ. ರಬ್ಬರ್ ಟೇಪಿನ ಮೇಲೆ ಬಿಸಿಲು ತಡೆಯಲು ಒಂದು ಪದರ ಕಪ್ಪು ಪಿವಿಸಿ ಟೇಪು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಇದು ಬಿಡಬಾರದ ಹೆಜ್ಜೆ.

ಪ್ರಾಣದ ಮಾತು

ಮೇಲಿನ ಯಾವುದನ್ನು ಮರೆತರೂ ಕೇಬಲ್ ಕೆಡುತ್ತೆ. ಇದನ್ನು ಮರೆತರೆ ಮನುಷ್ಯ ಹೋಗುತ್ತಾನೆ.

ಕಂಬ ಇಳಿಸುವ, ಏರಿಸುವ ಮೊದಲು ಸುತ್ತ ವಿದ್ಯುತ್ ತಂತಿ ಎಲ್ಲಿದೆ ನೋಡಿ. ಕಂಬ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗಬಾರದು. ಕಂಬದ ಎತ್ತರದ ಒಂದೂವರೆ ಪಟ್ಟು ದೂರ ಇಲ್ಲದಿದ್ದರೆ ಆ ಜಾಗವೇ ಬೇಡ. ಗಾಳಿ ಇದ್ದ ದಿನ, ಕತ್ತಲಾದ ಮೇಲೆ ಕಂಬಕ್ಕೆ ಕೈ ಹಚ್ಚಬೇಡಿ. ನಾವು ನಾಲ್ಕು ಜನ ಸೇರಿದ್ದೆವು: ಇಬ್ಬರು ಬುಡ ಹಿಡಿಯಲು, ಇಬ್ಬರು ಹಗ್ಗಕ್ಕೆ. ನಮ್ಮ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಕಂಬ ಎಳೆದು ಹಿಡಿಯುವ ತಂತಿಯ ಗೂಟಗಳು ವರ್ಷಕ್ಕೆ ಎರಡು ಸಲ ಸಡಿಲಾಗುತ್ತವೆ, ನೋಡುತ್ತಿರಿ.

ಸಿಡಿಲಿನ ಬಗ್ಗೆ: ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಅರ್ತಿಂಗ್ ಗುಂಡಿಗೆ ಜೋಡಿಸಿ. ಕೇಬಲ್ ಕೋಣೆಗೆ ಹೋಗುವಲ್ಲಿ ಒಂದು ಸಿಡಿಲು ತಡೆ ಹಾಕಿ, ಅದರ ತಂತಿಯೂ ಅದೇ ಗುಂಡಿಗೆ. ಎರೆ ಮಣ್ಣು ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತೆ, ಮುಂಗಾರು ಪೂರ್ವ ಗುಡುಗು ಬರುವುದೂ ಆಗಲೇ, ಹಾಗಾಗಿ ಗುಂಡಿಗೆ ನೀರು ಹಾಕುತ್ತಿರಿ. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ಯಾವ ಗ್ಯಾರಂಟಿಯೂ ಇಲ್ಲ. ಮೋಡ ಕಟ್ಟಿದ ಕೂಡಲೇ, ಗುಡುಗು ಕೇಳುವ ಮೊದಲೇ ಕೇಬಲ್ ಬಿಚ್ಚುವುದನ್ನು ಅವ್ವನಿಗೂ ಕಲಿಸಿದ್ದೇವೆ. ಗುಡುಗು ಕೇಳಿದ ಮೇಲೆ ಮಾತ್ರ ಮುಟ್ಟಬೇಡಿ ಅಂತಲೂ ಹೇಳಿದ್ದೇವೆ. ರೇಡಿಯೋ ಹೋದರೆ ಇನ್ನೊಂದು ತರಬಹುದು.

ಮಸ್ಕಿವರೆಗೆ

ಹೊಸ ಕೇಬಲ್ ಹಾಕಿ, ಆಂಟೆನಾ ಬಿಚ್ಚಿಟ್ಟು ನೋಡಿದಾಗ ಮೀಟರ್ 2.6ರ ಹತ್ತಿರ ತೋರಿಸಿತು. ಲೆಕ್ಕ ಹೇಳಿದ್ದೂ ಅಷ್ಟೇ. ಆಂಟೆನಾ ಹಾಕಿದಾಗ 1.3. ಈ ಸಲ ಮೀಟರಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಕಂಬ ಎದ್ದು ನಿಂತ ಹತ್ತು ನಿಮಿಷಕ್ಕೆ ಹೊಲದ ಸಂದೇಶ ಬಂತು.

ಹುಮ್ಮಸ್ಸಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಸಿಂಧನೂರಿನಿಂದ ಮಸ್ಕಿಗೆ ನೇರ ಗೆರೆಯಲ್ಲಿ ಸುಮಾರು 24 ಕಿ.ಮೀ. ಮಸ್ಕಿಯ ಗೆಳತಿಯ ಮನೆಯಲ್ಲೂ 9 ಮೀಟರ್ ಕಂಬ ನಿಲ್ಲಿಸಿದರೆ ಎರಡೂ ದಿಗಂತ ಸೇರಿ 24.7. ಮುಟ್ಟಬೇಕು! ಮುಟ್ಟಿತು, ಆದರೆ ಹತ್ತಕ್ಕೆ ಎರಡೋ ಮೂರೋ ಸಂದೇಶ. ಕಾರಣ ಆಮೇಲೆ ಲೆಕ್ಕ ಹಾಕಿದೆವು. ಅಲೆಗೆ ಬೇಕಾದ್ದು ಗೆರೆಯಲ್ಲ, ನಡುವೆ ಉಬ್ಬಿದ ಒಂದು ಸೌತೆಕಾಯಿಯಷ್ಟು ಜಾಗ. ಇಷ್ಟು ದೂರಕ್ಕೆ ಅದರ ಅರ್ಧ ಅಗಲ ದಾರಿಯ ನಡುವೆ ಸುಮಾರು 46 ಮೀಟರ್. ನಮ್ಮ ಗೆರೆ ನೆಲಕ್ಕೆ ತಾಗಿಕೊಂಡೇ ಹೋಗುತ್ತಿತ್ತು, ಸೌತೆಕಾಯಿಯ ಅರ್ಧ ಮಣ್ಣಿನಲ್ಲಿ. ಗೆಳತಿ ಮಸ್ಕಿಯ ಗುಡ್ಡ ಹತ್ತಿ, ಕೈಯಲ್ಲಿ ಸಣ್ಣ ಆಂಟೆನಾ ಹಿಡಿದು ನಿಂತಾಗ ಒಂದೂ ತಪ್ಪದೆ ಬಂದವು.

ಮಸ್ಕಿಯ ಕಲ್ಲುಗುಡ್ಡದಲ್ಲಿ ಅಶೋಕನ ಶಾಸನ ಇರುವುದು ನಿಮಗೆಲ್ಲ ಗೊತ್ತು. ಅದನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಹುಡುಕಿಕೊಂಡು ಬಂದವನಿಗೆ ಸಿಕ್ಕಿದ್ದು, ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ. ಎಂಜಿನಿಯರ್‌ಗಳು ಕೆಲಸ ಮಾಡುವಾಗ ಅಕ್ಕಪಕ್ಕ ನೋಡಬೇಕು ಅನ್ನೋದಕ್ಕೆ ನಮ್ಮೂರಲ್ಲೇ ಉದಾಹರಣೆ ಇದೆ ಅಂತ ಗೆಳತಿ ಹೇಳುತ್ತಿರುತ್ತಾಳೆ. ಲಿಂಗಸುಗೂರಿನವನು ಬಿಟ್ಟಾನೆಯೇ? ಅವನ ತಾಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನದ ಗಣಿ ನಡೆಯುತ್ತಿದೆ. ನೆಲದಡಿಗೆ ರೇಡಿಯೋ ಅಲೆ ಹೋಗುವುದಿಲ್ಲ. ಅದಕ್ಕೇ ಗಣಿಗಳಿಗೆಂದು ಬೇಕಂತಲೇ ಹೊದಿಕೆಯಲ್ಲಿ ಸಂದು ಬಿಟ್ಟು ‘ಸೋರುವ’ ಕೇಬಲ್ ಮಾಡುತ್ತಾರೆ, ಸುರಂಗದುದ್ದಕ್ಕೂ ಆ ಕೇಬಲ್ಲೇ ಆಂಟೆನಾ. ನಾವು ಸೋರಬಾರದು ಅಂತ ಒದ್ದಾಡಿದ್ದನ್ನೇ ಅವರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಅದು ಮುಂದಿನ ಸಂಚಿಕೆಗೆ ಅವನ ಲೇಖನ.

ರಜೆ ಮುಗಿಸಿ ಕಾಲೇಜಿಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಗೆಳೆಯನ ಫೋನಿಗೆ ಕಾಕಾ ಕರೆ ಮಾಡಿದರು. ರಾತ್ರಿ ಎರಡೂ ನಲವತ್ತಕ್ಕೆ ಬಜರ್ ಹೊಡೆಯಿತಂತೆ. ಹೋದರು, ನೀರು ಬಂದಿತ್ತು, ಮಡಿಗೆ ತಿರುವಿ ಬಂದರು. ಒಂದೇ ಸಲ ಹೋದದ್ದು. “ಎರಡೂ ನಲವತ್ತರ ತನಕ ನಿದ್ದಿ ಮಾಡಿದ್ನೆಪಾ” ಅಂದರು. ಪ್ರಾಜೆಕ್ಟಿಗೆ ಬಂದ ಮಾರ್ಕ್ಸು ನಮಗೆ ಈಗ ಸರಿಯಾಗಿ ನೆನಪಿಲ್ಲ, ಆ ಮಾತು ನೆನಪಿದೆ.

ನಿಮ್ಮ ಊರಿನ ಮನೆ ಮೇಲೋ, ಹಾಸ್ಟೆಲ್ ಮೇಲೋ ಒಂದು ಕಂಬ ಇದ್ದರೆ, ಈ ಮಳೆಗಾಲದ ಮೊದಲು ಒಮ್ಮೆ ಆಂಟೆನಾ ಬಿಚ್ಚಿಟ್ಟು ಮೀಟರ್ ನೋಡಿ. ನಂಬರ್ ಬದಲಾಗಲಿಲ್ಲ ಅಂದ್ರೆ ಕ್ಲಬ್ಬಿಗೆ ಬನ್ನಿ. ಎಲೆಕ್ಟ್ರಿಷಿಯನ್ ಅಣ್ಣ ಹೇಳಿಕೊಟ್ಟ ಅಂಥದ್ದೇ ಒಂದು ಸ್ಪ್ರಿಂಗ್ ಈಗ ನಮ್ಮ ಹತ್ತಿರವೂ ಇದೆ.